ಬೆನ್ನು ನೆಲಕ್ಕೆ ತಾಗಿದ ಮೇಲೆ: ವಾಷಿಂಗ್ಟನ್‌ನಿಂದ ಅಟ್ಲಾಂಟಾವರೆಗೆ ಜು-ಜಿತ್ಸು

ಬ್ರೆಜಿಲಿಯನ್ ಜು-ಜಿತ್ಸು ಎಂದರೆ ಎದುರಾಳಿಯನ್ನು ನೆಲಕ್ಕೆ ತಂದು, ಕೈಕಾಲಿನ ಕೀಲುಗಳನ್ನು ಮಡಿಸಿ ಅಥವಾ ಕುತ್ತಿಗೆಯನ್ನು ಬಿಗಿದು, ಆತನೇ ಸೋಲೊಪ್ಪಿಕೊಳ್ಳುವಂತೆ ಮಾಡುವ ಕುಸ್ತಿವಿದ್ಯೆ. ಬ್ರೆಜಿಲ್‌ನ ಹೆಸರು ಹೊತ್ತ ಈ ವಿದ್ಯೆಯ ಮೂಲರೂಪವು ಆ ದೇಶವನ್ನು ತಲುಪುವುದಕ್ಕೆ ಕೆಲವು ವರ್ಷ ಮೊದಲೇ ಅಮೆರಿಕದ ವಾಷಿಂಗ್ಟನ್ ಮತ್ತು ಅಟ್ಲಾಂಟಾ ನಗರಗಳಿಗೆ ಬಂದಿತ್ತು. ಅಲ್ಲಿ ಅಂದು ಬೇರೂರದ ಈ ವಿದ್ಯೆ, ಬ್ರೆಜಿಲ್‌ನ ಒಂದೇ ಕುಟುಂಬದ ಆಶ್ರಯದಲ್ಲಿ ಬೆಳೆದು, ಶತಮಾನದ ಕೊನೆಯಲ್ಲಿ ಅದೇ ಪ್ರದೇಶಕ್ಕೆ ಮರಳಿತು. ಈ ದೀರ್ಘ ಪ್ರಯಾಣವನ್ನು ಗಮನಿಸಿದರೆ, ಸರ್ಕಾರಿ ಸಂಸ್ಥೆಗಳಿಗಿಂತ ಹೆಚ್ಚಾಗಿ ಒಂದೇ ಸೂರಿನಡಿ ಬದುಕಿದವರೂ ಪರವೂರಿನ ಕಲಿಗಳಿಗೆ ಮನೆಯ ಬಾಗಿಲು ತೆರೆದವರೂ ಇದನ್ನು ಉಳಿಸಿದರೆಂಬುದು ಸ್ಪಷ್ಟವಾಗುತ್ತದೆ.

ಜೊತೆಗೆ ಬದುಕುತ್ತಲೇ ಕಲಿಯುವ ಪದ್ಧತಿ ಈ ವಿದ್ಯೆಯ ಹುಟ್ಟಿನಲ್ಲಿಯೇ ಇತ್ತು. 1882ರಲ್ಲಿ ಜಿಗೊರೊ ಕಾನೊ ಅವರು ಟೋಕಿಯೊದ ಏಶೋಜಿ ದೇವಾಲಯದಲ್ಲಿ, ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ, ಕೊಡೋಕಾನ್ ಎಂಬ ಶಾಲೆಯನ್ನು ತೆರೆದು, ಹಳೆಯ ಜುಜುತ್ಸು ಪಟ್ಟುಗಳನ್ನು ಜೂಡೊ ಎಂಬ ಹೊಸ ಶಿಸ್ತಾಗಿ ರೂಪಿಸಿದರು. ಗುರುವಿನೊಂದಿಗೆ ವಾಸವಾಗಿದ್ದ ತ್ಸುನೆಜಿರೊ ತೊಮಿತಾ ಅವರೇ ಅದರ ಮೊದಲ ಶಿಷ್ಯರು. ಮೈಸೂರಿನ ಗರಡಿಮನೆಗಳಲ್ಲಿ ಉಸ್ತಾದರ ಕಣ್ಣೆದುರೇ ಪೈಲ್ವಾನರು ಸಾಮು ಮಾಡುತ್ತ ಬೆಳೆದ ಪರಿಯನ್ನು ಬಲ್ಲವರಿಗೆ ಈ ಗುರುಶಿಷ್ಯ ಸಂಬಂಧ ಅಪರಿಚಿತವೆನಿಸದು.

ಕೊಡೋಕಾನ್‌ನ ಹಿರಿಯ ಶಿಷ್ಯರಲ್ಲೊಬ್ಬರಾದ ಯೋಶಿತ್ಸುಗು ಯಾಮಾಶಿತಾ ಅವರು, ರೈಲ್ವೆ ಉದ್ಯಮಕ್ಕೆ ಸೇರಿದ ಸ್ಯಾಮ್ಯುಯೆಲ್ ಹಿಲ್ ಎಂಬುವರ ಆಹ್ವಾನದ ಮೇಲೆ, ಅವರ ಮಗನಿಗೆ ಪಾಠ ಹೇಳಲೆಂದು 1903ರಲ್ಲಿ ಅಮೆರಿಕಕ್ಕೆ ಬಂದರು. ಆ ಪಾಠ ಮುಂದುವರಿಯಲಿಲ್ಲವಾದರೂ, ಜಪಾನಿನ ರಾಯಭಾರ ಕಚೇರಿಯ ನೌಕಾಧಿಕಾರಿ ಇಸಾಮು ತಾಕೆಶಿತಾ ಅವರ ನೆರವಿನಿಂದ 1904ರಲ್ಲಿ ಅವರಿಗೆ ಶ್ವೇತಭವನದ ಬಾಗಿಲು ತೆರೆಯಿತು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಶಿಷ್ಯರಾದರು. 1905ರ ಫೆಬ್ರುವರಿಯಲ್ಲಿ ರೂಸ್‌ವೆಲ್ಟ್ ಅವರು ಯಾಮಾಶಿತಾ ಮತ್ತು ಗ್ರಾಂಟ್ ಎಂಬ ಅಮೆರಿಕನ್ ಕುಸ್ತಿಪಟುವಿನ ನಡುವೆ ಪಂದ್ಯ ಏರ್ಪಡಿಸಿ, ಅದನ್ನು ಮಗ ಕೆರ್ಮಿಟ್‌ಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಗ್ರಾಂಟ್‌ಗೆ ತಿಳಿದಿದ್ದುದು ಎದುರಾಳಿಯನ್ನು ಚಿತ್ ಮಾಡುವುದು, ಅಂದರೆ ಬೆನ್ನನ್ನು ನೆಲಕ್ಕೆ ತಾಗಿಸುವುದು ಮಾತ್ರ. ಯಾಮಾಶಿತಾ ಅವರಾದರೋ ಅಂಗಾತ ಬೀಳುವುದಕ್ಕೆ ಅಂಜದೆ, ಒಂದೇ ನಿಮಿಷದೊಳಗೆ ಕುತ್ತಿಗೆ ಬಿಗಿದು, ಇನ್ನೆರಡು ನಿಮಿಷದೊಳಗೆ ಕೈ ಮುರಿಯಬಹುದಾದಂಥ ಮೊಣಕೈ ಪಟ್ಟನ್ನು ಹಾಕಿದ್ದರು. ಗ್ರಾಂಟ್‌ನ ಕಸುವಿಗೆ ಜಪಾನಿ ಗುರು ದಣಿದುದನ್ನೂ ರೂಸ್‌ವೆಲ್ಟ್ ಮರೆಮಾಚದೆ ಬರೆದಿದ್ದಾರೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು, ಜು-ಜಿತ್ಸುವಿನಲ್ಲಿ ಅಲ್ಲಿಂದಲೇ ಆಟ ಶುರು. ಮುಂದೆ ಬ್ರೆಜಿಲ್‌ನಲ್ಲಿ ಪಕ್ವಗೊಂಡ ಕೆಳಗಿನಿಂದ ಕಾದುವ ಕಲೆಯ ತಿರುಳು ಆ ಪುಟ್ಟ ಪಂದ್ಯದಲ್ಲಿಯೇ ಕಾಣಿಸಿಕೊಂಡಿತ್ತು.

ಅದೇ ತಿಂಗಳು ವಾಷಿಂಗ್ಟನ್‌ಗೆ ಹತ್ತಿರದ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಯಾಮಾಶಿತಾ ಅವರ ತರಗತಿ ಆರಂಭವಾಯಿತು. ಅಕಾಡೆಮಿಯ ಆಡಳಿತಕ್ಕೆ ಅದನ್ನು ಮುಂದುವರಿಸುವ ಮನಸ್ಸಿರಲಿಲ್ಲ. ಅಧ್ಯಕ್ಷರ ಮಧ್ಯಪ್ರವೇಶದಿಂದ ಮತ್ತೊಂದು ಅವಧಿ ನಡೆದು, 1906ರಲ್ಲಿ ನಿಂತೇಹೋಯಿತು, ಗುರುಗಳು ಸ್ವದೇಶಕ್ಕೆ ಮರಳಿದರು. ಇದೇ ಅವಧಿಯಲ್ಲಿ ಅವರ ಪತ್ನಿ ಫುದೆ ಯಾಮಾಶಿತಾ ಅವರು ರಾಜಧಾನಿಯ ಪ್ರತಿಷ್ಠಿತ ಮನೆತನಗಳ ಸ್ತ್ರೀಯರಿಗೆ ಪಟ್ಟುಗಳನ್ನು ಹೇಳಿಕೊಡುತ್ತಿದ್ದರು; ಮಾರ್ಥಾ ವಾಡ್ಸ್‌ವರ್ತ್ ಮತ್ತು ಸೆನೆಟರ್ ಒಬ್ಬರ ಪತ್ನಿಯಾದ ಹ್ಯಾಲಿ ಎಲ್ಕಿನ್ಸ್ ಫುದೆ ಅವರ ಶಿಷ್ಯೆಯರಲ್ಲಿದ್ದರು. ಅಮೆರಿಕದ ಮಹಿಳೆಯರಿಗೆ ಇನ್ನೂ ರಾಷ್ಟ್ರವ್ಯಾಪಿ ಮತದಾನದ ಹಕ್ಕೇ ಇರದಿದ್ದ ಕಾಲದಲ್ಲಿ ನಡೆದ ಈ ಪಾಠಗಳಿಗೆ ಇತಿಹಾಸಕಾರರು ಸಾಕಷ್ಟು ಗಮನ ಕೊಡದಿರುವುದು ಖೇದದ ಸಂಗತಿ.

ತೊಮಿತಾ ಅವರೊಂದಿಗೆ 1904ರ ಕೊನೆಯಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದ ಕಿರಿಯ ಸಹಚರ ಮಿತ್ಸುಯೊ ಮಾಯೆದಾ ಅವರು ಊರೂರು ಅಲೆಯುತ್ತ, 1905ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಸ್ಯಾಮ್ ಮಾರ್ಬರ್ಗರ್ ಎಂಬ ಕುಸ್ತಿಪಟುವಿನೊಡನೆ ಸೆಣಸಿದರು. ದಪ್ಪ ಅಂಗಿ ತೊಟ್ಟು ಆಡಿದ ಸುತ್ತುಗಳನ್ನು ಮಾಯೆದಾ ಗೆದ್ದರು, ಅಂಗಿಯಿಲ್ಲದ ಸುತ್ತು ಮಾರ್ಬರ್ಗರ್ ಪಾಲಾಯಿತು. ಬಳಿಕ ಯುರೋಪ್, ಮೆಕ್ಸಿಕೊ, ಕ್ಯೂಬಾ ಸುತ್ತಿ 1914ರಲ್ಲಿ ಬ್ರೆಜಿಲ್ ತಲುಪಿದ ಮಾಯೆದಾ ಬೆಲೇಮ್ ನಗರದಲ್ಲಿ ನೆಲೆನಿಂತರು. ಅವರಿಂದಲೂ ಅವರ ಶಿಷ್ಯವರ್ಗದಿಂದಲೂ ಆ ಊರಿನ ಗ್ರೇಸಿ ಕುಟುಂಬಕ್ಕೆ ದಾಟಿದ ವಿದ್ಯೆಯನ್ನು ಕಾರ್ಲೋಸ್ ಮತ್ತು ಹೆಲಿಯೊ ಸಹೋದರರು ರಿಯೊ ಡಿ ಜನೈರೊದಲ್ಲಿ ಬೆಳೆಸಿದರು. ಮಕ್ಕಳು ಮೊಮ್ಮಕ್ಕಳು ಒಂದೆಡೆ ಬೆಳೆಯುತ್ತಿದ್ದ ಆ ತುಂಬು ಕುಟುಂಬದಲ್ಲಿ ಮನೆಯ ಹುಡುಗರೇ ಪರಸ್ಪರ ಜೊತೆಗಾರರೂ ಎದುರಾಳಿಗಳೂ ಆದರು.

ಹೆಲಿಯೊ ಅವರ ಮಗ ರೋರಿಯನ್ 1978ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಮನೆಯ ಗ್ಯಾರೇಜಿನಲ್ಲಿ ಚಾಪೆ ಹಾಸಿ ಪಾಠ ಶುರುಮಾಡಿದರು. 1993ರಲ್ಲಿ ಡೆನ್ವರ್‌ನಲ್ಲಿ ಆರಂಭವಾದ ಯುಎಫ್‌ಸಿ ಎಂಬ ಬಹುಶೈಲಿ ಕಾಳಗದ ಪಂದ್ಯಾವಳಿಯಲ್ಲಿ ಅವರ ತಮ್ಮ ರಾಯ್ಸ್ ಗೆದ್ದುದು ಎಲ್ಲರಿಗೂ ತಿಳಿದಿದೆ. ಆದರೆ ಈ ಕಲೆಯ ಬಲವನ್ನೂ ಮಿತಿಯನ್ನೂ ಹೆಚ್ಚು ನಿಚ್ಚಳವಾಗಿ ತೋರಿದ್ದು ಉತ್ತರ ಕ್ಯಾರೊಲಿನಾದ ಶಾರ್ಲೆಟ್ ನಗರ. 1994ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ತಮಗಿಂತ ಬಹಳ ತೂಕದ ಕಿಮೊ ಲಿಯೊಪೋಲ್ಡೊ ಅವರನ್ನು ಕೈಪಟ್ಟಿನಿಂದ ಸೋಲಿಸಿದ ರಾಯ್ಸ್, ಮುಂದಿನ ಸುತ್ತು ಆಡಲಾರದಷ್ಟು ಬಸವಳಿದಿದ್ದರು. 1995ರ ಏಪ್ರಿಲ್‌ನಲ್ಲಿ ಅದೇ ಊರಿನಲ್ಲಿ ಕೆನ್ ಶ್ಯಾಮ್‌ರಾಕ್ ಅವರೊಡನೆ 36 ನಿಮಿಷ ಕಾದಾಡಿದರೂ ಗೆಲುವು ಯಾರಿಗೂ ಒಲಿಯಲಿಲ್ಲ. ದಶಕಗಳ ಹಿಂದೆ ಯಾಮಾಶಿತಾ ಅವರನ್ನು ದಣಿಸಿದ ಕಸುವಿನ ಪ್ರಶ್ನೆ ಇಲ್ಲಿಯೂ ಬಗೆಹರಿಯದೆ ಉಳಿಯಿತು.

ಅದರ ನಡುವೆಯೂ ಈ ಕಲೆ ಈ ಬಾರಿ ಇಲ್ಲಿ ಬೇರೂರಿತು. ಅಟ್ಲಾಂಟಾಕ್ಕೆ ಬಂದು ನೆಲೆಸಿದ ಬ್ರೆಜಿಲ್‌ನ ರೊಮೆರೊ ‘ಜಕಾರೆ’ ಕವಲ್ಕಾಂಟಿ ಅವರು ತಾವು ಕಟ್ಟಿದ ಅಲಯನ್ಸ್ ಬಳಗಕ್ಕೆ ಆ ನಗರವನ್ನು ಪ್ರಮುಖ ಕೇಂದ್ರವಾಗಿಸಿದರು. ಜಾರ್ಜಿಯಾದ ಫೋರ್ಟ್ ಬೆನಿಂಗ್‌ನಲ್ಲಿ ಭೂಸೇನೆಯ ಕೈಕಾಳಗ ಶಾಲೆ ತಲೆಯೆತ್ತಿತು, 2002ರ ಸೇನಾ ಕೈಪಿಡಿಯಲ್ಲಿ ಗ್ರೇಸಿ ಪಟ್ಟುಗಳಿಗೆ ಸ್ಥಾನ ದೊರೆಯಿತು. ಅನಾಪೊಲಿಸ್‌ನಲ್ಲಿ ನಿಂತುಹೋದ ಕೆಲಸಕ್ಕೆ ಸುಮಾರು ಒಂದು ಶತಮಾನದ ನಂತರ ಹೀಗೆ ಅಧಿಕೃತ ಮನ್ನಣೆ ಸಿಕ್ಕಿತು. ಆದರೂ ಈ ಕಲೆಯ ಒಡನಾಟ ಮನೆಗಳನ್ನು ಬಿಟ್ಟುಹೋಗಲಿಲ್ಲ. 2011ರಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಗ್ರೌಗಾರ್ಟ್ ಅವರು 140 ದಿನಗಳ ವಿಶ್ವಪರ್ಯಟನೆಯಲ್ಲಿ ಅಭ್ಯಾಸದ ಜೊತೆಗಾರರ ಮನೆಗಳಲ್ಲಿಯೇ ತಂಗುತ್ತ ಸಾಗಿದುದು ಈ ಆತಿಥ್ಯಕ್ಕೆ ಪ್ರಸಿದ್ಧ ನಿದರ್ಶನ. ಹಲವರು ಸೇರಿ ಬಾಡಿಗೆ ಹಿಡಿದ ಇಂಥ ಮನೆಗಳಲ್ಲಿ ಸಂಜೆಯ ಅಭ್ಯಾಸದ ನಂತರ ಬೆವರಿಗೆ ತೊಯ್ದ ಅಂಗಿಗಳು ಜಗಲಿಯ ಕಟಕಟೆಯ ಮೇಲೆ ಒಣಗುತ್ತವೆ, ಪರವೂರಿನ ಅತಿಥಿಗೆ ಸೋಫಾದ ಮೇಲೆ ಹಾಸಿಗೆ ಸಿದ್ಧವಾಗುತ್ತದೆ, ಊಟದ ನಡುವೆಯೇ ಯಾರೋ ಎದ್ದು ತಾವು ಸಿಕ್ಕಿಬಿದ್ದ ಪಟ್ಟಿನಿಂದ ಬಿಡಿಸಿಕೊಳ್ಳುವ ಬಗೆ ಕೇಳುತ್ತಾರೆ, ಇನ್ನೊಬ್ಬರು ನೆಲದ ಮೇಲೆಯೇ ತೋರಿಸಿಕೊಡುತ್ತಾರೆ.

ಯಾಮಾಶಿತಾ ದಂಪತಿಯ ಕಾಲದ ಛಾಯಾಚಿತ್ರಗಳನ್ನು ಆಮ್ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯವು ಕಾಪಾಡಿಕೊಂಡು ಬಂದಿದೆ. ಈ ಪ್ರದೇಶದ ಜು-ಜಿತ್ಸು ಚರಿತ್ರೆಯನ್ನು ಬರೆಯುವವರು ಗ್ರೇಸಿಗಳಿಂದ ಅಲ್ಲ, ಆ ಚಿತ್ರಗಳಿಂದ, ಅದರಲ್ಲಿಯೂ ಫುದೆ ಅವರಿಂದ ಆರಂಭಿಸಬೇಕು.