ಹೆನ್ರಿ ಕೋ ಉದ್ಯಾನದ ಸೈಕಲ್ ಯಾನ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಡಯಾಬ್ಲೊ ಪರ್ವತಶ್ರೇಣಿಯ ಸುಮಾರು 87,000 ಎಕರೆಗಳಲ್ಲಿ ಹಬ್ಬಿರುವ ರಾಜ್ಯ ಉದ್ಯಾನವಿದು. 1953ರಲ್ಲಿ ಸೇಡಾ ಕೋ ಎಂಬ ಮಹಿಳೆ ತಂದೆಯ ನೆನಪಿಗಾಗಿ ತಮ್ಮ ಜಾನುವಾರು ಸಾಕಣೆಯ ಭೂಮಿಯನ್ನು ದಾನವಿತ್ತರು. 1958ರಲ್ಲಿ ಅದು ರಾಜ್ಯದ ಉದ್ಯಾನವಾಯಿತು. ದಾನಿಯ ಮನೆತನದ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವುದನ್ನು ನಾವು ಮೆಚ್ಚುತ್ತೇವೆ.

ಡೇರೆ, ಹೊದಿಕೆ, ಆಹಾರಗಳನ್ನು ಸೈಕಲ್ಲಿಗೇ ಬಿಗಿದುಕೊಂಡು ಹೊರಡುವವರಿಗೆ ದನಗಾಹಿಗಳ ಕಾಲದ ಮಣ್ಣಿನ ರಸ್ತೆಗಳೇ ದಾರಿ. ಅವು ಬಹುಮಟ್ಟಿಗೆ ಬೆಟ್ಟವನ್ನು ಬಳಸದೆ ನೇರವಾಗಿ ಏರುವುದರಿಂದ ಹಲವೆಡೆ ಇಳಿದು ತಳ್ಳುವುದೇ ಗತಿ. ಬೇಸಿಗೆಯಲ್ಲಿ ತೊರೆಗಳು ಬತ್ತುತ್ತವೆ. ನಕ್ಷೆಯಲ್ಲಿ ಕಂಡ ಬುಗ್ಗೆಯನ್ನು ನಂಬಿ ಬರಿಯ ಸೀಸೆ ಹಿಡಿದು ಹೊರಟವರ ಜೀವಕ್ಕೇ ಅಪಾಯ. ಯಾವ ಬುಗ್ಗೆಯಲ್ಲಿ ನೀರಿದೆಯೆಂದು ಉದ್ಯಾನದ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಸಿಕ್ಕ ನೀರನ್ನು ಶುದ್ಧೀಕರಿಸಿಯೇ ಕುಡಿಯಬೇಕು. ವಸಂತಕಾಲವೇ ಯೋಗ್ಯವೆಂದು ನಾವು ಹೇಳುವೆವು. ಒರೆಸ್ಟಿಂಬಾ ವನ್ಯಪ್ರದೇಶದೊಳಗೆ ಮಾತ್ರ ಸೈಕಲ್ಲಿಗೆ ಪ್ರವೇಶವಿಲ್ಲ.