ಮೂರು ದಿನದ ಸಂಕಿರಣ, ಮೂರು ತಿಂಗಳ ದೂರು

2016ರ ಜನವರಿ 3ರಿಂದ 7ರವರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನ ನಡೆಯಿತು. ಅದೇ ವರ್ಷದ ಮೇ 2ರಂದು, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ಯುಜಿಸಿ ನಿಯಮಾವಳಿ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಇವೆರಡಕ್ಕೂ ನೇರ ನಂಟಿಲ್ಲ. ಆದರೆ ವಿಶ್ವವಿದ್ಯಾನಿಲಯ, ಭಾರತೀಯ ಭಾಷಾ ಸಂಸ್ಥಾನ, ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಸಂಸ್ಥೆ ಎಲ್ಲವೂ ಇರುವ, ಸಂಕಿರಣಗಳಿಗೆ ಎಂದೂ ಬರವಿಲ್ಲದ ಈ ಊರಿನಲ್ಲಿ ಕೂತು ಎರಡನ್ನೂ ಒಟ್ಟಿಗೆ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಪ್ರಬಂಧ ಮಂಡಿಸಲು ಬಂದ ಹೆಣ್ಣುಮಗಳಿಗೆ ಇಲ್ಲಿ ಕಿರುಕುಳವಾದರೆ, ಆಕೆ ಯಾರಿಗೆ ದೂರು ಕೊಡಬೇಕು?

ಸಂಕಿರಣವೂ ಕೆಲಸದ ಸ್ಥಳವೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. 2013ರ ಡಿಸೆಂಬರ್ 9ರಂದು ಜಾರಿಗೆ ಬಂದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯು ಕೆಲಸದ ನಿಮಿತ್ತ ನೌಕರರು ಹೋಗುವ ಯಾವುದೇ ಜಾಗವನ್ನು, ಉದ್ಯೋಗದಾತರು ಒದಗಿಸಿದ ವಾಹನವನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ನಮ್ಮ ಕಾಲೇಜು ಅಧ್ಯಾಪಕಿಯರು ಸಂಕಿರಣಕ್ಕೆ ಹೊರಡುವ ಮುನ್ನ ಓಓಡಿ (ಅನ್ಯಕಾರ್ಯ ನಿಮಿತ್ತ) ಅರ್ಜಿ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿಕೊಳ್ಳುತ್ತಾರೆ, ಮರಳಿದ ಮೇಲೆ ಹಾಜರಾತಿ ಪತ್ರ ಒಪ್ಪಿಸುತ್ತಾರೆ. ಆ ಮೂರು ದಿನ ಅವರು ರಜೆಯ ಮೇಲಿಲ್ಲ, ಕರ್ತವ್ಯದ ಮೇಲಿದ್ದಾರೆ. ಓಓಡಿಯ ಆ ಒಂದು ಹಾಳೆಯೇ ಇದಕ್ಕೆ ಸಾಕ್ಷಿ. ವಿದ್ಯಾರ್ಥಿಗಳ ವಿಷಯದಲ್ಲಿ ಯುಜಿಸಿ ನಿಯಮಾವಳಿ ಇನ್ನೂ ವಿಶಾಲ: ಅಧ್ಯಯನ ಪ್ರವಾಸ, ವಿಹಾರ, ಶಿಬಿರ, ಉತ್ಸವಗಳೂ ಅದರ ಪ್ರಕಾರ 'ಕ್ಯಾಂಪಸ್ಸಿ'ನೊಳಗೇ ಬರುತ್ತವೆ. ಹೊರಗಿನಿಂದ ಬಂದವರು ಕೊಡುವ ಕಿರುಕುಳವನ್ನೂ ಅದು ಬೇರೆಯಾಗಿ ಹೆಸರಿಸುತ್ತದೆ. ಹುಡುಗರೂ ತೃತೀಯ ಲಿಂಗಿಗಳೂ ಇಂಥ ಹಿಂಸೆಗೆ ಗುರಿಯಾಗಬಹುದೆಂದು ಒಪ್ಪುತ್ತದೆ.

ಒಂದು ಸಂದರ್ಭವನ್ನು ಊಹಿಸೋಣ. ಧಾರವಾಡದ ಸಂಶೋಧನಾ ವಿದ್ಯಾರ್ಥಿನಿ ಮಾನಸಗಂಗೋತ್ರಿಯ ಸಂಕಿರಣಕ್ಕೆ ಬಂದಿದ್ದಾಳೆ. ಗೋಷ್ಠಿಯ ಅಧ್ಯಕ್ಷತೆಗೆಂದು ಹೈದರಾಬಾದಿನಿಂದ ಬಂದ ಹಿರಿಯರೊಬ್ಬರು, ಕೊನೆಯ ಮಧ್ಯಾಹ್ನ ಎಲ್ಲರೂ ಸೋಮನಾಥಪುರ ನೋಡಲು ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು ಅಸಭ್ಯವಾಗಿ ವರ್ತಿಸುತ್ತಾರೆ. ಬಸ್ಸು ಆತಿಥೇಯರದು, ಹುಡುಗಿ ಧಾರವಾಡದವಳು, ಆತನ ನೌಕರಿ ಹೈದರಾಬಾದಿನಲ್ಲಿ. ಮೂರು ಸಂಸ್ಥೆ, ಇಂಥ ದೂರು ಕೇಳುವ ಮೂರು ಆಂತರಿಕ ಸಮಿತಿ. ಶಿಸ್ತುಕ್ರಮದ ಅಧಿಕಾರ ಆತನ ಸಂಸ್ಥೆಗಿದೆ. ಹೊರಗಿನವರಿಂದಲೂ ರಕ್ಷಣೆ ಕೊಡುವ ಹೊಣೆ ಆತಿಥೇಯರದು. ಹುಡುಗಿಯ ಬೆನ್ನಿಗೆ ನಿಲ್ಲಬೇಕಾದದ್ದು ಧಾರವಾಡ. ಮೂರು ಬಾಗಿಲು ತೆರೆದಿವೆ ಎಂದು ನಾವು ವಾದಿಸಬಹುದು. ಊರು ಗೊತ್ತಿಲ್ಲದ, ಇನ್ನೂ ಪಿಎಚ್‌ಡಿ ಮುಗಿಯದ ಹುಡುಗಿಗೆ ಒಂದೂ ಕಾಣುವುದಿಲ್ಲ.

ತೊಡಕಿನ ಬೇರು ಇರುವುದು ಕಾಲದಲ್ಲಿ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬಹುದು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ, ವಿಚಾರಣೆಗೆ 90 ದಿನ. ಸಂಕಿರಣದ ಆಯುಸ್ಸು ಮಾತ್ರ ಮೂರು ದಿನ. ಆಮಂತ್ರಣ ಪತ್ರಿಕೆಯಲ್ಲಿ ಸ್ವಾಗತ ಸಮಿತಿ, ಊಟೋಪಚಾರ ಸಮಿತಿ, ವಸತಿ ಸಮಿತಿ, ಸ್ಮರಣ ಸಂಚಿಕೆ ಸಮಿತಿ ಎಂದು ಸಾಲುಸಾಲು ಹೆಸರುಗಳಿರುತ್ತವೆ. ಸಮಾರೋಪದ ಸಂಜೆ ಶಾಮಿಯಾನ ಬಿಚ್ಚುವ ಹೊತ್ತಿಗೆ ಅವೆಲ್ಲ ಕರಗಿಹೋಗಿರುತ್ತವೆ. ಸಂಚಾಲಕರು ವೋಚರು ಜೋಡಿಸುತ್ತಾ ಅನುದಾನದ ಲೆಕ್ಕ ಒಪ್ಪಿಸುವ ಚಿಂತೆಯಲ್ಲಿರುತ್ತಾರೆ.

ಹಾಗೆಂದು ಸಂಘಟಕರೇ ಇನ್ನೊಂದು ಉಪಸಮಿತಿ ಹುಟ್ಟುಹಾಕಿದರೆ ಸಾಲದು. ಆಂತರಿಕ ಸಮಿತಿಗೆ ಹಿರಿಯ ಮಹಿಳೆಯ ಅಧ್ಯಕ್ಷತೆ ಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಅದರಲ್ಲಿ ಇರಕೂಡದೆಂದು ಯುಜಿಸಿ ಹೇಳುತ್ತದೆ. ಇದು ಬಹಳ ವಿವೇಕದ ಮಾತು, ಏಕೆಂದರೆ ಅತಿಥಿಯನ್ನು ಕರೆಸಿದವರೇ ಅತಿಥಿಯ ಮೇಲಿನ ದೂರು ಕೇಳುವುದು ಕಷ್ಟ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಪರಿಷತ್ತೋ ಸಂಘವೋ ಸಂಕಿರಣ ನಡೆಸಿದರೆ, ಅಲ್ಲಿನ ನೌಕರರ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಇದನ್ನೂ ಮೊದಲೇ ತಿಳಿದಿರಬೇಕು.

ನನ್ನ ಸಲಹೆ ಸಣ್ಣದು. ಆತಿಥೇಯ ಸಂಸ್ಥೆಯ ಆಂತರಿಕ ಸಮಿತಿಯ ಅಧ್ಯಕ್ಷೆಯ ಹೆಸರನ್ನೂ ಫೋನ್ ನಂಬರನ್ನೂ ಬ್ಯಾಡ್ಜಿನ ಹಿಂಬದಿಯಲ್ಲಿ ಅಚ್ಚು ಹಾಕಿಸಬೇಕು. ನೋಂದಣಿಯ ಮೇಜಿನಲ್ಲಿ ಕೊಡುವ ಚೀಲ ಕೋಣೆಯಲ್ಲೇ ಉಳಿಯುತ್ತದೆ, ಊಟದ ಕೂಪನ್ ಹರಿದುಹೋಗುತ್ತದೆ. ಬ್ಯಾಡ್ಜು ಮಾತ್ರ ಬಸ್ಸಿನಲ್ಲೂ ಕೊರಳಲ್ಲೇ ಇರುತ್ತದೆ, ಅದರ ಬೆನ್ನು ಖಾಲಿಯೂ ಇರುತ್ತದೆ.

ಕಾನೂನಿನ ಕೈಗೆ ಸಿಗದ ನೋವುಗಳೂ ಇವೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಹಿರಿಯರು ಕಿರಿಯರನ್ನು ಹೀಯಾಳಿಸುವುದಕ್ಕೆ ಯಾವ ಕಲಮೂ ಇಲ್ಲ. ಅಲ್ಲಿ ಅಧಿಕಾರವಿರುವುದು ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರು ಅಚ್ಚಾದ ಗೋಷ್ಠಿಯ ಅಧ್ಯಕ್ಷರಿಗೆ ಮಾತ್ರ. ಮೈಸೂರಿನ ಒಂದು ಗೋಷ್ಠಿ ನನಗೆ ಚೆನ್ನಾಗಿ ನೆನಪಿದೆ. ಮುಂದಿನ ಸಾಲಿನಲ್ಲಿದ್ದವರೊಬ್ಬರು ಎದ್ದುನಿಂತು, ಪ್ರಬಂಧದ ಮಾತು ಬಿಟ್ಟು, ಅದನ್ನು ಮಂಡಿಸಿದ ಹುಡುಗಿಯ ಉಚ್ಚಾರವನ್ನು ಆಡಿಕೊಳ್ಳತೊಡಗಿದರು. ಸಭೆಯಲ್ಲಿ ಒಂದಿಬ್ಬರು ನಕ್ಕರು. ಅಧ್ಯಕ್ಷತೆ ವಹಿಸಿದ್ದ ಮೇಡಂ ಗಂಟೆ ಒತ್ತಿದರು. "ಸರ್, ಪ್ರಬಂಧದ ಬಗ್ಗೆ ಪ್ರಶ್ನೆ ಇದ್ದರೆ ಕೇಳಿ, ಇಲ್ಲದಿದ್ದರೆ ದಯವಿಟ್ಟು ಕೂತ್ಕೊಳ್ಳಿ" ಎಂದರು. ಅವರು ಕೂತರು. ಹುಡುಗಿ ನೀರು ಕುಡಿದು, ಮೈಕನ್ನು ಹತ್ತಿರ ಎಳೆದುಕೊಂಡು, ಮುಂದಿನ ಪ್ರಶ್ನೆ ಕೇಳಿದವರ ಕಡೆ ತಿರುಗಿದಳು.