ಅರ್ಹ ಎನ್ನುವ ಮುನ್ನ

‘ಅರ್ಹ’ ಎಂಬ ಪದ ನಮ್ಮಲ್ಲಿ ಹೆಚ್ಚಾಗಿ ಬದುಕುವುದು ಕಾಗದದ ಮೇಲೆ. ವಿದ್ಯಾರ್ಹತೆ ಏನೆಂದು ಅರ್ಜಿ ನಮೂನೆ ಕೇಳುತ್ತದೆ. ಪಿಂಚಣಿಗೆ, ಮನೆಗೆ ಅರ್ಹ ಫಲಾನುಭವಿಗಳ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸುತ್ತಾರೆ. ಮತದಾರರ ಪಟ್ಟಿಗೊಂದು ಅರ್ಹತಾ ದಿನಾಂಕವಿದೆ. ಆ ದಿನಕ್ಕೆ ಹದಿನೆಂಟು ತುಂಬಿರಲೇಬೇಕು. ಮನೆಮಾತಿನಲ್ಲಿ ಇದರ ಜಾಗದಲ್ಲಿ ಕೂತಿರುವುದು ಯೋಗ್ಯತೆ, ಅದೂ ಬಹುಪಾಲು ಬೈಯುವಾಗ.

2019ರಲ್ಲಿ ಈ ಪದ ಕಾಗದದಿಂದ ಇಳಿದು ಚಹಾದಂಗಡಿಗೆ ಬಂತು. ಆ ಜುಲೈನಲ್ಲಿ ವಿಧಾನಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ‘ಅನರ್ಹರು’ ಎಂದರೆ ಯಾರೆಂದು ಆಮೇಲೆ ಕೆಲ ತಿಂಗಳು ಯಾರೂ ಕೇಳಬೇಕಾಗಿರಲಿಲ್ಲ, ಅದೊಂದು ಗುಂಪಿನ ಹೆಸರೇ ಆಗಿತ್ತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಬಹುದು ಎಂದಿತು. ನಿಂತವರಲ್ಲಿ ಹೆಚ್ಚಿನವರು ಗೆದ್ದರು.

ಪದದ ಹಳೆಯ ಬಾಳು ಇದಕ್ಕಿಂತ ಎತ್ತರದ್ದು. ಜೈನರ ಅರ್ಹಂತ, ಹಳಗನ್ನಡದ ಅರುಹ, ಇದೇ ಬೇರಿನವು. ಘಾತಿಕರ್ಮಗಳನ್ನು ಕಳೆದುಕೊಂಡು ಕೇವಲಜ್ಞಾನ ಪಡೆದವನು ಅರ್ಹಂತ. ಕಳೆದುಕೊಳ್ಳುವ ದಾರಿಯಲ್ಲಿ ಇನ್ನೂ ನಡೆಯುತ್ತಿರುವವನಿಗೆ ಆ ಹೆಸರು ಸಲ್ಲದು. ಸಮಾಸದಲ್ಲಿ ಈ ಪದ ಇನ್ನೂ ನಿಷ್ಠುರ: ಪೂಜಾರ್ಹ ಎಂದಷ್ಟೇ ಸಲೀಸಾಗಿ ದಂಡಾರ್ಹ ಎನ್ನುತ್ತೇವೆ, ಶ್ಲಾಘನಾರ್ಹದ ಪಕ್ಕದಲ್ಲೇ ಶಿಕ್ಷಾರ್ಹವೂ ಇದೆ. ಯಾರನ್ನೂ ಮಾಡದ ತಪ್ಪಿಗೆ ಶಿಕ್ಷಾರ್ಹ ಎನ್ನುವುದಿಲ್ಲವಲ್ಲ. ಹಾಗಿದ್ದರೆ ಮುಂದೆ ಮಾಡಲಿರುವ ಒಳಿತಿಗೆ ಯಾರನ್ನಾದರೂ ಪ್ರಶಸ್ತಿಗೆ ಅರ್ಹ ಎನ್ನಬಹುದೇ?

ನಮ್ಮಲ್ಲಿ ಅನರ್ಹರ ಮಾತು ನಡೆದಿದ್ದ ಹೊತ್ತಿನಲ್ಲೇ, 2019ರ ಅಕ್ಟೋಬರ್ 11ರಂದು, ಆಸ್ಲೋದಲ್ಲಿ ನಾರ್ವೆಯ ನೊಬೆಲ್ ಸಮಿತಿ ಇಥಿಯೋಪಿಯಾದ ಪ್ರಧಾನಿ ಅಬಿ ಅಹ್ಮದ್ ಅವರಿಗೆ ಶಾಂತಿ ಪ್ರಶಸ್ತಿ ಘೋಷಿಸಿತು. ನೆರೆಯ ಎರಿಟ್ರಿಯಾದ ಜೊತೆಗಿನ ಹಗೆಯನ್ನು ಮುಗಿಸಲು ಅವರು ಮುಂದಡಿಯಿಟ್ಟದ್ದು ಮುಖ್ಯ ಕಾರಣ. 1998ರಿಂದ 2000ದವರೆಗೆ ಬಾದ್ಮೆ ಎಂಬ ಗಡಿಯೂರಿಗಾಗಿ ಹತ್ತಿದ ಯುದ್ಧದಲ್ಲಿ ಎರಡೂ ಕಡೆ ಹತ್ತಾರು ಸಾವಿರ ಜನ ಸತ್ತಿದ್ದರು. ಅಬಿ ಸ್ವತಃ ಆ ಯುದ್ಧದಲ್ಲಿ ರೇಡಿಯೊ ನಿರ್ವಾಹಕನಾಗಿದ್ದವರು. ಸಂಕೇತ ಸರಿಯಾಗಿ ಸಿಗಲೆಂದು ಕಂದಕದಿಂದ ಹೊರಗೆ ಹೋಗಿ ಮರಳುವಷ್ಟರಲ್ಲಿ ಫಿರಂಗಿ ದಾಳಿಗೆ ತನ್ನ ತುಕಡಿಯೇ ಇಲ್ಲವಾಗಿತ್ತೆಂದು ಆಸ್ಲೋದ ಭಾಷಣದಲ್ಲಿ ಹೇಳಿದರು. 2002ರಲ್ಲೇ ಗಡಿ ಆಯೋಗ ಬಾದ್ಮೆಯನ್ನು ಎರಿಟ್ರಿಯಾಕ್ಕೆ ಸೇರಿಸಿತ್ತು, ಇಥಿಯೋಪಿಯಾ ಒಪ್ಪಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಪ್ರಧಾನಿಯಾದ ಅಬಿ ಒಪ್ಪುತ್ತೇವೆಂದರು. ಜುಲೈನಲ್ಲಿ ಅಸ್ಮಾರಾಕ್ಕೆ ಹೋಗಿ ಅಧ್ಯಕ್ಷ ಇಸಾಯಸ್ ಅಫ್ವೆರ್ಕಿ ಅವರನ್ನು ಅಪ್ಪಿಕೊಂಡರು. ಫೋನ್ ತಂತಿಗಳು ಜೀವ ಪಡೆದವು, ವಿಮಾನ ಹಾರಿತು. ಇಪ್ಪತ್ತು ವರ್ಷ ಮುಖ ನೋಡದಿದ್ದ ಒಡಹುಟ್ಟಿದವರು ವಿಮಾನ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಆ ಕಣ್ಣೀರು ನಿಜದ್ದು, ಅದಕ್ಕೆ ಕಾರಣರಾದವರನ್ನು ನಾನು ಇಂದಿಗೂ ಮನಸಾರೆ ಹೊಗಳುತ್ತೇನೆ.

ಆದರೆ ಪ್ರಶಸ್ತಿ ಘೋಷಣೆಯಾದ ದಿನವೂ ಬಾದ್ಮೆ ಇಥಿಯೋಪಿಯಾದ ಕೈಯಲ್ಲೇ ಇತ್ತು. ತೆರೆದಿದ್ದ ಗಡಿದಾರಿಗಳು ಒಂದೊಂದಾಗಿ ಮತ್ತೆ ಮುಚ್ಚಿದ್ದವು. ಇದು ಅವಸರವಾಯಿತೆಂದು ಕೆಲವರಿಗೆ ಅನ್ನಿಸಬಹುದೆಂದು ಸಮಿತಿಯೇ ಹೇಳಿತು. ಅಬಿ ಅವರ ಯತ್ನ ಮನ್ನಣೆಗೆ ಅರ್ಹ, ಅದಕ್ಕೆ ಉತ್ತೇಜನವೂ ಬೇಕು ಎಂದಿತು. ನನ್ನ ತಕರಾರು ಇರುವುದು ಇಲ್ಲಿಯೇ. ಉತ್ತೇಜನ ಬೇಕಾಗಿರುವುದು ಮುಗಿಯದ ಕೆಲಸಕ್ಕೆ. ಅರ್ಹತೆಯನ್ನು ತೂಗಬೇಕಾದದ್ದು ಮುಗಿದ ಕೆಲಸದಿಂದ. ಹಿಂದಿನ ವರ್ಷದಲ್ಲಿ ಮನುಕುಲಕ್ಕೆ ಅತಿ ಹೆಚ್ಚು ಒಳಿತು ಮಾಡಿದವರಿಗೆ ಎಂದು ತಾನೇ ಆಲ್ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲಿ ಬರೆದದ್ದು?

ಮುಂದಿನದು ಹೇಳಲು ಕಷ್ಟವಾಗುತ್ತದೆ. 2020ರ ನವೆಂಬರ್ 4ರಂದು, ಪದಕ ಕೈಸೇರಿ ವರ್ಷ ತುಂಬುವ ಮೊದಲೇ, ಟಿಗ್ರೆ ಪ್ರಾಂತದ ಮೇಲೆ ಅಬಿ ಸೇನೆ ಕಳಿಸಿದರು. ಅದಕ್ಕೂ ಮುನ್ನ ಟಿಗ್ರೆಯ ಪಡೆಗಳು ಕೇಂದ್ರದ ಸೇನಾನೆಲೆಯ ಮೇಲೆ ಬಿದ್ದದ್ದೂ ನಿಜ. ಆದರೂ ಎರಿಟ್ರಿಯಾದ ಸೈನಿಕರು ಗಡಿ ದಾಟಿ ಅಬಿ ಪರವಾಗಿ ಕಾದಿದರು. ಯಾರ ನಡುವಿನ ಶಾಂತಿಗೆ ಪ್ರಶಸ್ತಿ ಬಂದಿತ್ತೋ ಅವರಿಬ್ಬರೂ ಕೂಡಿ, ನಡುವೆ ಬಾಳುತ್ತಿದ್ದ ಜನರ ಮೇಲೆರಗಿದರು. ಅನ್ನ, ಔಷಧಿ, ಬ್ಯಾಂಕು, ಫೋನು ಎಲ್ಲವೂ ನಿಂತವು. ಸತ್ತವರ ಅಂದಾಜು ಲಕ್ಷಗಳಲ್ಲಿದೆ. 2022ರ ಜನವರಿಯಲ್ಲಿ ನೊಬೆಲ್ ಸಮಿತಿ ಬಾಯಿಬಿಟ್ಟು, ಪ್ರಶಸ್ತಿ ಪಡೆದವರಾಗಿ ಕಾದಾಟ ನಿಲ್ಲಿಸುವ ವಿಶೇಷ ಹೊಣೆ ನಿಮ್ಮದೆಂದು ಅಬಿಗೆ ನೆನಪಿಸಿತು. ಆ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದವಾಗುವವರೆಗೂ ಯುದ್ಧ ಸಾಗಿತು.

ಅಧಿಕಾರದಲ್ಲಿದ್ದವರಿಗೆ ಕೊಟ್ಟದ್ದು ಫಲಿಸಿದ್ದೂ ಇದೆ. 2016ರಲ್ಲಿ ಕೊಲಂಬಿಯಾದ ಜನ ಬಂಡುಕೋರರ ಜೊತೆಗಿನ ಒಪ್ಪಂದವನ್ನು ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದ ಐದೇ ದಿನಕ್ಕೆ ಅಧ್ಯಕ್ಷ ಹುವಾನ್ ಮಾನುಯೆಲ್ ಸಾಂಟೋಸ್ ಅವರಿಗೆ ಪ್ರಶಸ್ತಿ ಬಂತು. ಅವರು ಒಪ್ಪಂದವನ್ನು ತಿದ್ದಿ, ನವೆಂಬರಿನಲ್ಲೇ ಮತ್ತೆ ಸಹಿ ಹಾಕಿದರು. ಇದು ಗಟ್ಟಿಯಾದ ಪ್ರತಿವಾದ, ನಾನು ತಳ್ಳಿಹಾಕಲಾರೆ. ಆದರೂ ಸಾಂಟೋಸ್ ಎರಡು ವರ್ಷ ಬಿಟ್ಟು, ಹುದ್ದೆಯಿಂದ ಇಳಿದ ಮೇಲೆ ಪಡೆದಿದ್ದರೆ ಅವರ ಗೌರವವೇನೂ ತಗ್ಗುತ್ತಿರಲಿಲ್ಲ.

ಸ್ವಂತ ಅರ್ಹತೆಯನ್ನು ತಾವೇ ತೂಗಿದವರೂ ಇದ್ದಾರೆ. 2009ರಲ್ಲಿ ಹುದ್ದೆಗೇರಿ ವರ್ಷವೂ ಆಗದ ಬರಾಕ್ ಒಬಾಮಾ, ಹಿಂದಿನ ಹಿರಿಯರ ಸಾಲಿನಲ್ಲಿ ನಿಲ್ಲಲು ತಾನು ಅರ್ಹನೆನಿಸುತ್ತಿಲ್ಲ ಎಂದರು. ಆದರೂ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವೆನೆಂದು ಸಾರಿದ ಒಂಬತ್ತನೆಯ ದಿನ ಆಸ್ಲೋದಲ್ಲಿ ಪದಕ ತೆಗೆದುಕೊಂಡರು. 1973ರಲ್ಲಿ ಹೆನ್ರಿ ಕಿಸಿಂಜರ್ ಜೊತೆ ಹಂಚಿಕೊಟ್ಟ ಪ್ರಶಸ್ತಿಯನ್ನು ವಿಯೆಟ್ನಾಮಿನ ಲೆ ಡುಕ್ ಥೋ, ತನ್ನ ನೆಲದಲ್ಲಿ ಶಾಂತಿ ಇನ್ನೂ ನೆಲೆಸಿಲ್ಲವೆಂದು ಬೇಡವೆಂದರು. ಶಾಂತಿ ಪ್ರಶಸ್ತಿಯನ್ನು ನಿರಾಕರಿಸಿದವರು ಇಂದಿಗೂ ಅವರೊಬ್ಬರೇ. ಅರ್ಹ ಎಂಬ ಪದದ ತೂಕ ಅರಿತಿದ್ದವರು ಅವರೆಂದು ನನ್ನ ನಂಬಿಕೆ.

ಅಬಿ 2018ರಲ್ಲಿ ಮಾಡಿದ್ದು ಶ್ಲಾಘನಾರ್ಹ. 2019ರ ಅಕ್ಟೋಬರಿನಲ್ಲಿ ಅವರು ಆ ಪ್ರಶಸ್ತಿಗೆ ಅರ್ಹರಾಗಿರಲಿಲ್ಲ. ಸೇನೆಗೆ ಆಜ್ಞೆ ಕೊಡುವ ಅಧಿಕಾರ ಕೈಯಲ್ಲಿರುವ ಯಾವ ನಾಯಕನಿಗೂ, ಯಾವ ದೇಶದವನೇ ಆಗಲಿ, ಆ ಅಧಿಕಾರ ಬಿಟ್ಟಿಳಿಯುವವರೆಗೆ ಅದನ್ನು ಕೊಡಬಾರದು. ಕೊಟ್ಟ ನೊಬೆಲನ್ನು ಹಿಂಪಡೆಯಲು ನಿಯಮದಲ್ಲಿ ದಾರಿಯಿಲ್ಲ.